ಹೆಣಿಗೆಯೋ ತೇಪೆಯೋ: ಮೆಟಲ್ ಬ್ಯಾಂಡ್‌ನ ಮೊದಲ ಆಲ್ಬಮ್‌ಗಳನ್ನು ಕೇಳಿ ಅಳೆಯುವುದು ಹೇಗೆ

ಮುಂಬೈಯ ಕನ್ನಡ ಹುಡುಗರು ಮೆಟಲ್ ಬಗ್ಗೆ ಮಾತಿಗೆ ಕೂತರೆ ಈ ವಾದ ಬಂದೇ ಬರುತ್ತದೆ. ಯಾವುದೋ ಬ್ಯಾಂಡ್‌ನ ಮೊದಲ ಎರಡು ಆಲ್ಬಮ್ ಒಂದೇ ಉಸಿರಿಗೆ ಬರೆದ ಹಾಗಿವೆ, ಅದು ಹೆಣಿಗೆ ಎಂದು ಒಬ್ಬರು, ಸುಮ್ಮನೆ ರಿಫ್‌ಗಳನ್ನು (ಮತ್ತೆ ಮತ್ತೆ ಬರುವ ಚಿಕ್ಕ ಗಿಟಾರ್ ನುಡಿತಗಳನ್ನು) ಗುಡ್ಡೆ ಹಾಕಿದ್ದಾರೆ, ಅದು ತೇಪೆ ಎಂದು ಇನ್ನೊಬ್ಬರು. ಬಹಳ ಸಲ ಇಬ್ಬರೂ ಮಾತಾಡುತ್ತಿರುವುದು ಗಿಟಾರಿನ ಸದ್ದಿನ ಬಗ್ಗೆ, ಹಾಡು ಕಟ್ಟಿದ ರೀತಿಯ ಬಗ್ಗೆ ಅಲ್ಲ. ಮೊದಲು ಇವೆರಡನ್ನು ಬೇರೆ ಮಾಡಬೇಕು. ಫ್ಲೋರಿಡಾದ ಮಾರಿಸೌಂಡ್ ಸ್ಟುಡಿಯೊದಲ್ಲಿ 1990ರ ಆಸುಪಾಸಿನಲ್ಲಿ ಡೆತ್, ಒಬಿಚುಅರಿ, ಕ್ಯಾನಿಬಲ್ ಕಾರ್ಪ್ಸ್ ಎಂಬ ಬ್ಯಾಂಡ್‌ಗಳೆಲ್ಲವೂ ರೆಕಾರ್ಡ್ ಮಾಡಿವೆ. ಅಲ್ಲಿನ ಡ್ರಮ್ ಸದ್ದಿಗೆ ಕಿವಿ ಒಗ್ಗಿದವರಿಗೆ ಮೂರೂ ಒಂದೇ ಕುಟುಂಬ ಅನ್ನಿಸುತ್ತವೆ. ಆ ಹೊಂದಿಕೆ ಸ್ಟುಡಿಯೊ ಕೊಟ್ಟದ್ದು, ಹಾಡು ಬರೆದವರದ್ದಲ್ಲ. ಟ್ಯೂನಿಂಗ್ ವಿಷಯವೂ ಹೀಗೇ. ಬ್ಲ್ಯಾಕ್ ಸಬ್ಬತ್ 1971ರ ಮೂರನೇ ಆಲ್ಬಮ್‌ನ ಕೆಲವು ಹಾಡುಗಳಿಗೆ ತಂತಿಗಳನ್ನು ಮೂರು ಸೆಮಿಟೋನ್ (ಅರ್ಧ ಸ್ವರ) ಇಳಿಸಿತು, ಸದ್ದು ಭಾರವಾಯಿತು. ಅಷ್ಟರಿಂದಲೇ ಬರವಣಿಗೆ ಬದಲಾಯಿತು ಎನ್ನಲಾಗದು.

ಕೇಳುವ ಮೊದಲು ಮೂಲ ಬಿಡುಗಡೆಯ ಹಾಡುಪಟ್ಟಿ ಹುಡುಕಿಕೊಳ್ಳಿ. ಮೆಟಾಲಿಕಾದ 'ಕಿಲ್ ಎಮ್ ಆಲ್' 1983ರಲ್ಲಿ ಬಂದಾಗ ಇದ್ದದ್ದು 10 ಹಾಡು. 1988ರ ಮರುಬಿಡುಗಡೆಯಲ್ಲಿ ಬೇರೆ ಬ್ಯಾಂಡ್‌ಗಳ ಎರಡು ಹಾಡು ಕೊನೆಗೆ ಸೇರಿದವು. ಅವನ್ನೂ ಲೆಕ್ಕಕ್ಕೆ ಹಿಡಿದರೆ ಆಲ್ಬಮ್‌ನ ಮುಕ್ತಾಯವೇ ಬದಲಾಗುತ್ತದೆ. ಆ್ಯಪ್‌ನಲ್ಲಿ ಶಫಲ್ ಆಫ್ ಮಾಡಿ, ಕ್ರಾಸ್‌ಫೇಡ್ (ಒಂದರ ಕೊನೆಯನ್ನು ಮುಂದಿನದರ ಆರಂಭದ ಮೇಲೆ ಬೆರೆಸುವುದು) ಸೊನ್ನೆಗೆ ಇಳಿಸಿ, ಗ್ಯಾಪ್‌ಲೆಸ್ (ಹಾಡುಗಳ ನಡುವೆ ಆ್ಯಪ್ ತಾನಾಗಿ ಬಿಡುವು ಸೇರಿಸದಿರುವುದು) ಆನ್ ಇಡಿ. ಕ್ರಾಸ್‌ಫೇಡ್ ಇದ್ದರೆ ಎರಡು ಹಾಡಿನ ನಡುವಿನ ಮೌನ ಮಾಯವಾಗಿ, ಇಲ್ಲದ ಬೆಸುಗೆ ಇದ್ದಂತೆ ಕೇಳಿಸುತ್ತದೆ. ಟ್ರ್ಯಾಕ್‌ನ ಗಡಿಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಓಪೆತ್‌ನ 'ಆರ್ಕಿಡ್' (1995) ಮೊದಲು ಬಂದಾಗ 'ರೆಕ್ವಿಯಮ್' ಎಂಬ ವಾದ್ಯದ ತುಣುಕಿನ ಕೊನೆಯ ಭಾಗ ತಪ್ಪಾಗಿ ಮುಂದಿನ ಹಾಡಿನ ತಲೆಗೆ ಅಂಟಿಕೊಂಡಿತ್ತು.

ಮೊದಲ ಸಲ ಕಾಗದ, ಪೆನ್ ಏನೂ ಬೇಡ, ಇಡೀ ಆಲ್ಬಮ್ ಒಂದೇ ಪಟ್ಟಿಗೆ ಕೇಳಿ. ಡೊಂಬಿವಲಿಯಿಂದ ಮುಂಬೈಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗುವ ಲೋಕಲ್ ರೈಲಿನ ಪ್ರಯಾಣಕ್ಕೆ ಇದು ಸರಿಹೊಂದುತ್ತದೆ. ಮೆಟಾಲಿಕಾದ 'ರೈಡ್ ದ ಲೈಟ್ನಿಂಗ್' (1984) ಸುಮಾರು 47 ನಿಮಿಷ, ಇಳಿಯುವ ಮೊದಲೇ ಮುಗಿಯುತ್ತದೆ. ಆದರೆ ತೀರ್ಪನ್ನು ಮಾತ್ರ ರೈಲಿನಲ್ಲಿ ಕೊಡಬೇಡಿ. ಗಾಲಿ, ಮೋಟಾರಿನ ಗುಡುಗು ಕೆಳಗಿನ ಸ್ವರಗಳನ್ನೆಲ್ಲ ನುಂಗುತ್ತದೆ. ಎರಡು ರಿಫ್‌ಗಳನ್ನು ಜೋಡಿಸುವ ಕೆಲಸ ಬೇಸ್ ಗಿಟಾರಿನದ್ದಾಗಿದ್ದರೆ, ಆ ಜೋಡಣೆಯೇ ಕೇಳಿಸದೆ ಹೋಗುತ್ತದೆ. ಎರಡನೇ ಸಲದಿಂದ ಮನೆಯಲ್ಲಿ, ರಾತ್ರಿ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡೇ ಕೇಳಿ. ಅದೇ ಆಲ್ಬಮ್‌ನ 'ಫಾರ್ ಹೂಮ್ ದ ಬೆಲ್ ಟೋಲ್ಸ್' ಆರಂಭದಲ್ಲಿ ಗಿಟಾರ್ ಎಂದು ಅನೇಕರು ತಿಳಿದಿರುವುದು ಬ್ಯಾಂಡ್‌ನ ಕ್ಲಿಫ್ ಬರ್ಟನ್ ಡಿಸ್ಟಾರ್ಷನ್ (ಸದ್ದನ್ನು ಒರಟಾಗಿಸುವ ಪರಿಣಾಮ) ಹಾಕಿ ನುಡಿಸಿದ ಬೇಸ್. ಅದನ್ನು ಗುರುತಿಸುವಷ್ಟು ಕಿವಿ ಸಿದ್ಧವಾಗಬೇಕು.

ಮುಂದಿನದು ರಿಫ್ ನಕ್ಷೆ. ಇಲ್ಲಿ ನಮ್ಮ ವರ್ಗಾಕ್ಷರಗಳು ಇಂಗ್ಲಿಷಿನ ಎ, ಬಿ, ಸಿ ಗಿಂತ ಎಷ್ಟೋ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಮೊದಲ ರಿಫ್‌ಗೆ 'ಕ'. ಅದೇ ರಿಫ್ ಸ್ವಲ್ಪ ಬದಲಾಗಿ ಬಂದರೆ (ಲಯ ಅದೇ, ಸ್ವರ ಬೇರೆ, ಅಥವಾ ಸ್ವರ ಅದೇ, ವೇಗ ಅರ್ಧ) 'ಖ', ಇನ್ನೊಂದು ಬದಲಾವಣೆಗೆ 'ಗ'. ಸಂಬಂಧವೇ ಇಲ್ಲದ ಹೊಸ ರಿಫ್ ಬಂದಾಗ ವರ್ಗ ಬದಲಿಸಿ 'ಚ' ಬರೆಯಿರಿ. ಪಕ್ಕದಲ್ಲಿ ನಿಮಿಷ, ಸೆಕೆಂಡ್ ಇರಲಿ. ಎರಡು ಅಕ್ಷರಗಳ ನಡುವೆ ದಾಟಿದ್ದು ಹೇಗೆ ಎಂಬುದನ್ನು ಒಂದು ಪದದಲ್ಲಿ ಗುರುತಿಸಿ: ಡ್ರಮ್ ಫಿಲ್ (ನಡುವಿನ ಜಾಗ ತುಂಬುವ ಡ್ರಮ್ ಬಡಿತ), ನಿಲುಗಡೆ, ಹಿಡಿದ ಸ್ವರ, ನೇರ ಜಿಗಿತ.

ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಮ್‌ನ (1970) ಅದೇ ಹೆಸರಿನ ಮೊದಲ ಹಾಡಿನಿಂದ ಅಭ್ಯಾಸ ಶುರುಮಾಡಿ. ಇದಕ್ಕಿಂತ ಸ್ಪಷ್ಟವಾದ ಹಾಡು ಸಿಗುವುದು ಕಷ್ಟ. ನಕ್ಷೆ ಹೀಗೆ ಬರುತ್ತದೆ:

ಕ – ಖ – ಕ – ಖ – ಕ – ಚ

'ಕ' ಎಂದರೆ ಟ್ರೈಟೋನ್ (ಆರು ಸೆಮಿಟೋನ್) ಅಂತರದ ಆ ನಿಧಾನದ ಮೂರು ಸ್ವರ, 'ಖ' ಎಂದರೆ ಅವನ್ನೇ ಮೆಲ್ಲಗೆ ನುಡಿಸಿ ಹಾಡುವ ಭಾಗ. ನಾಲ್ಕೂವರೆ ನಿಮಿಷದ ಹೊತ್ತಿಗೆ ಓಟದ ರಿಫ್ 'ಚ' ಬರುತ್ತದೆ, 'ಕ' ಮತ್ತೆ ಬರುವುದಿಲ್ಲ. ಹಾಗಾದರೆ ಇದು ತೇಪೆಯೇ? ಅಲ್ಲ. ಅಲ್ಲಿಯವರೆಗೆ ಬಿಗಿಹಿಡಿದದ್ದನ್ನು 'ಚ' ಸಡಿಲ ಬಿಡುತ್ತದೆ, ಅದೂ ಅದೇ ಮೂಲಸ್ವರದ ಮೇಲೆ ನಿಂತು. ಹೊಸ ವರ್ಗ ಬಂದದ್ದೇ ದೋಷವಲ್ಲ. ಹಿಂದಿನದು ಅದಕ್ಕೆ ದಾರಿ ಮಾಡಿಕೊಟ್ಟಿದೆಯೇ ಎಂದು ನೋಡಬೇಕು. ಕ–ಚ–ಟ–ತ–ಪ ಎಂದು ಒಂದೊಂದೇ ಸಲ ಬಂದು, ನಡುವೆಲ್ಲ 'ನೇರ ಜಿಗಿತ' ಎಂದೇ ಬರೆಯಬೇಕಾಗಿ ಬಂದರೆ ಸಂಶಯಪಡಿ.

ವೇಗ ಅಳೆಯಲು 15 ಸೆಕೆಂಡಿನಲ್ಲಿ ಬೀಳುವ ತಾಳದ ಪೆಟ್ಟುಗಳನ್ನು ಎಣಿಸಿ 4ರಿಂದ ಗುಣಿಸಿ. ಮೆಟಲ್‌ನ ವೇಗದ ಪ್ರಕಾರವಾದ ಥ್ರ್ಯಾಶ್‌ನಲ್ಲಿ ಸ್ನೇರ್ ಡ್ರಮ್ ಎರಡು ಪಟ್ಟು ಬೀಳುವುದರಿಂದ 100 ಇದ್ದದ್ದು 200 ಆಗಿ ಕಾಣುತ್ತದೆ. ಎಣಿಕೆ ಹಠಾತ್ತನೆ ಇಮ್ಮಡಿಯಾದರೆ, ಗಿಟಾರಿನ ರಿಫ್ ಒಂದು ಸುತ್ತು ಮುಗಿಸಲು ಎಷ್ಟು ಸೆಕೆಂಡ್ ತೆಗೆದುಕೊಂಡಿತು ಎಂದು ನೋಡಿ. ಅದು ಬದಲಾಗದಿದ್ದರೆ ವೇಗವೂ ಬದಲಾಗಿಲ್ಲ.

ಸಂಶಯ ಬಂದ ಹಾಡಿಗೆ ಕತ್ತರಿ ಪರೀಕ್ಷೆ. ಸಿಡಿಯಿಂದ ತೆಗೆದ ಅಥವಾ ಕೊಂಡ ಫೈಲ್ ಬೇಕು, ಸ್ಟ್ರೀಮಿಂಗ್‌ನಲ್ಲಿ ಆಗದು. ಉಚಿತವಾಗಿ ಸಿಗುವ ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ಹಾಡು ತೆರೆದು, ಸಂಶಯದ ಭಾಗವನ್ನು ಪೂರ್ತಿ ತೆಗೆದುಹಾಕಿ, ಉಳಿದ ಎರಡು ತುದಿ ಸೇರಿಸಿ, ಅದರ ಹಿಂದಿನ 20 ಸೆಕೆಂಡಿನಿಂದ ಕೇಳಿ. ಕತ್ತರಿಸುವುದು ಸುತ್ತಿನ ಮೊದಲ ಪೆಟ್ಟಿನ ಮೇಲೇ ಆಗಬೇಕು, ಸೇರುವಲ್ಲಿ 10 ಮಿಲಿಸೆಕೆಂಡಿನಷ್ಟು ಕ್ರಾಸ್‌ಫೇಡ್ ಕೊಡಬೇಕು. ಇಲ್ಲದಿದ್ದರೆ ಟಿಕ್ ಎನ್ನುವ ಸದ್ದು ಬಂದು, ಹಾಡೇ ಮುರಿಯಿತು ಎಂದು ಕಿವಿ ಮೋಸಹೋಗುತ್ತದೆ. ಭಾಗ ಹೋದರೂ ಏನೂ ಕಳೆದುಕೊಂಡಂತೆ ಅನ್ನಿಸದಿದ್ದರೆ ಅದು ತೇಪೆ. ಆಲ್ಬಮ್‌ಗೆ ಮೂರು ಹಾಡು ಸಾಕು: ಮೊದಲನೆಯದು, ಅತಿ ಉದ್ದದ್ದು, ಕೊನೆಯದಕ್ಕೆ ಹಿಂದಿನದು.

ಕೆಲವೊಮ್ಮೆ ಕತ್ತರಿಸುವ ಕೆಲಸವನ್ನು ಇತಿಹಾಸವೇ ಮಾಡಿಟ್ಟಿರುತ್ತದೆ. 'ಕಿಲ್ ಎಮ್ ಆಲ್'ನ 'ದ ಫೋರ್ ಹಾರ್ಸ್‌ಮೆನ್' ಮತ್ತು ಮೆಗಾಡೆತ್‌ನ 'ಮೆಕ್ಯಾನಿಕ್ಸ್' (1985) ಎರಡೂ, ಮೆಟಾಲಿಕಾದಲ್ಲಿದ್ದು ಆಮೇಲೆ ಮೆಗಾಡೆತ್ ಕಟ್ಟಿದ ಗಿಟಾರ್ ವಾದಕ ಡೇವ್ ಮಸ್ಟೇನ್ ಬರೆದ ಒಂದೇ ಹಾಡಿನಿಂದ ಹುಟ್ಟಿದವು. ಮೆಟಾಲಿಕಾದ್ದು ಏಳು ನಿಮಿಷ ಮೀರುತ್ತದೆ, ನಡುವೆ ನಿಧಾನದ ಭಾಗ ಸೇರಿದೆ. ಮೆಗಾಡೆತ್‌ನದ್ದರಲ್ಲಿ ಆ ಭಾಗವಿಲ್ಲ, ಓಟವೂ ಜೋರು. ಎರಡನ್ನೂ ಬೆನ್ನುಬೆನ್ನಿಗೆ ಕೇಳಿ. ನಿಧಾನದ ಭಾಗಕ್ಕೆ ಹೋಗುವ ದಾರಿ ಒರಟು, ಅದನ್ನು ಒಪ್ಪಲೇಬೇಕು. ಆದರೆ ಅಲ್ಲಿಂದ ಹಳೆಯ ರಿಫ್‌ಗೆ ಮರಳುವಾಗ ಸಿಗುವ ತೂಕ 'ಮೆಕ್ಯಾನಿಕ್ಸ್'ನಲ್ಲಿ ಸಿಗುವುದಿಲ್ಲ.

ಆಲ್ಬಮ್‌ನಿಂದ ಆಲ್ಬಮ್‌ಗೆ ಹೋಲಿಸುವಾಗ ಬಿಡುಗಡೆಯ ವರ್ಷಕ್ಕಿಂತ ಹಾಡು ಬರೆದ ಕಾಲ ಮುಖ್ಯ. ಮೊದಲ ಆಲ್ಬಮ್‌ಗಳು ಹೆಚ್ಚಾಗಿ ಹಲವು ವರ್ಷಗಳ ಡೆಮೊ (ಕರಡು ರೆಕಾರ್ಡಿಂಗ್) ಸರಕು. ಐರನ್ ಮೇಡನ್‌ನ 'ಕಿಲ್ಲರ್ಸ್' (1981) ಹಾಡುಗಳಲ್ಲಿ ಬಹುಪಾಲು 1980ರ ಮೊದಲ ಆಲ್ಬಮ್‌ಗಿಂತ ಮುಂಚೆಯೇ ಇದ್ದವು. ಹಾಗಾಗಿ ಎರಡು ಆಲ್ಬಮ್ ಒಂದೇ ಸಮ ಇವೆ ಎಂದು ಬೆರಗಾಗಬೇಕಿಲ್ಲ, ಅವು ಒಂದೇ ಕಣಜದ ಕಾಳು. ಕ್ರೆಡಿಟ್ ಓದಿ: ಮಸ್ಟೇನ್ ಹೆಸರು ಮೆಟಾಲಿಕಾದ ಮೊದಲ ಆಲ್ಬಮ್‌ನ ನಾಲ್ಕು ಹಾಡುಗಳಲ್ಲಿದೆ, ಎರಡನೆಯದರ ಎರಡರಲ್ಲಿದೆ, ಮೂರನೆಯದರಲ್ಲಿ ಒಂದರಲ್ಲೂ ಇಲ್ಲ. ಹಾಡುಗಳನ್ನು ಬರೆದವರ ಪ್ರಕಾರ ಪಟ್ಟಿಮಾಡಿ ಮತ್ತೆ ಕೇಳಿದರೆ ಎಷ್ಟೋ 'ಗೊಂದಲ' ಅಲ್ಲಿಗೇ ತಿಳಿಯಾಗುತ್ತದೆ.

ಹಾಡುಗಳ ಕ್ರಮಾಂಕವನ್ನೂ ಅಕ್ಕಪಕ್ಕ ಇಡಿ. 1984, 1986 ಮತ್ತು 1988ರ ಮೆಟಾಲಿಕಾ ಆಲ್ಬಮ್‌ಗಳಲ್ಲಿ ಎರಡನೆಯದು ಶೀರ್ಷಿಕೆ ಹಾಡು, ನಾಲ್ಕನೆಯದು ಮೆಲ್ಲಗೆ ಶುರುವಾಗಿ ಕೊನೆಗೆ ಉರಿಯುವ ಹಾಡು, ಕೊನೆಯ ಎರಡರಲ್ಲಿ ಒಂದು ವಾದ್ಯಮಯ. ಇದು ಆಲ್ಬಮ್ ಜೋಡಿಸುವ ಶಿಸ್ತು. ಹಾಡಿನ ಒಳಗಿನ ಹೆಣಿಗೆಗೆ ಇದರಿಂದ ಅಂಕ ಕೊಡಬೇಡಿ.

ಓಪೆತ್‌ನ 'ಮಾರ್ನಿಂಗ್‌ರೈಸ್' (1996) ಮಾತ್ರ ಈ ವಿಧಾನಕ್ಕೇ ಸವಾಲು. ಐದೇ ಹಾಡು, 66 ನಿಮಿಷ. ಒಂದು ಹಾಡಂತೂ 20 ನಿಮಿಷ ದಾಟುತ್ತದೆ. ನಕ್ಷೆ ಬರೆಯಲು ಕೂತರೆ ವರ್ಗಗಳು ಮುಗಿಯುತ್ತವೆ, ಮರಳಿ ಬರುವ ರಿಫ್ ಕಡಿಮೆ. ಆದರೂ ಎರಡು ಗಿಟಾರ್ ಒಂದರ ಮೇಲೊಂದು ಬೇರೆ ಬೇರೆ ರಾಗ ನುಡಿಸುವ ಪದ್ಧತಿ ಮೊದಲಿಂದ ಕೊನೆಯವರೆಗೆ ತಪ್ಪುವುದಿಲ್ಲ. ಇಂಥದ್ದಕ್ಕೆ ಎರಡು ತೀರ್ಪು ಬರೆಯಿರಿ: ಹಾಡಿನ ಕಟ್ಟು ಸಡಿಲ, ಆಲ್ಬಮ್‌ನ ಭಾಷೆ ಬಿಗಿ.

ಮುಂಬೈಯದ್ದೇ ಉದಾಹರಣೆ ಬೇಕಿದ್ದರೆ ಡೆಮೊನಿಕ್ ರಿಸರೆಕ್ಷನ್ ತೆಗೆದುಕೊಳ್ಳಿ. 'ಎ ಡಾರ್ಕ್‌ನೆಸ್ ಡಿಸೆಂಡ್ಸ್' (2005), 'ಬಿಯಾಂಡ್ ದ ಡಾರ್ಕ್‌ನೆಸ್' ಎಂಬ ಇಪಿ ಅಂದರೆ ಚಿಕ್ಕ ಆಲ್ಬಮ್ (2007), 'ದ ರಿಟರ್ನ್ ಟು ಡಾರ್ಕ್‌ನೆಸ್' (2010) ಮೂರನ್ನೂ ಬ್ಯಾಂಡ್ ಒಂದು ತ್ರಿವಳಿಯಾಗಿಯೇ ಕಟ್ಟಿದೆ. ಹೆಸರಿನ ಸರಪಳಿಯನ್ನು ಬದಿಗಿಟ್ಟು, ಮೊದಲು ಸಾಹಿತ್ಯ ನೋಡದೆ ರಿಫ್ ನಕ್ಷೆ ಮಾಡಿ, ಕೀಬೋರ್ಡ್ ಬರುವ ಜಾಗಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ. ರಿಫ್ ಬದಲಾದರೂ ಕೀಬೋರ್ಡ್ ಹಿಡಿದ ಸ್ವರ ಮುಂದುವರಿದರೆ ಕೀಬೋರ್ಡೇ ಸೇತುವೆ. ರಿಫ್ ಜೊತೆಗೇ ಅದೂ ನಿಂತರೆ ಬರೀ ಅಲಂಕಾರ. ಸ್ಥಳೀಯ ಬ್ಯಾಂಡ್‌ಗಳ ವಿಷಯದಲ್ಲಿ ಇನ್ನೊಂದು ಅನುಕೂಲ ಇದೆ: ಸಣ್ಣ ಗಿಗ್ ಮುಗಿದ ಮೇಲೆ ಟೀ ಶರ್ಟ್ ಮಾರುವ ಮೇಜಿನ ಬಳಿ ಹಾಡು ಬರೆದವರೇ ಸಿಗುತ್ತಾರೆ. 'ಈ ಆಲ್ಬಮ್‌ನಲ್ಲಿ ಎಲ್ಲಕ್ಕಿಂತ ಹಳೆಯ ರಿಫ್ ಯಾವುದು?' ಎಂದು ಕೇಳಿ, ಉತ್ತರ ಬಂದ ಮೇಲೆ ನಿಮ್ಮ ನಕ್ಷೆ ತೆರೆದು ನೋಡಿ.