ಅಳಿವೆ ರಾಜ್ಯದ ಕಿರೀಟ: ಕಲ್ಪಿತ ಲೋಕಕ್ಕೊಂದು ರಾಜಮುಕುಟ ಕಟ್ಟುವ ಕ್ರಮ

ಕಲ್ಪಿತ ಲೋಕದ ಕಥೆ ಬರೆಯುವಾಗ ಹೆಚ್ಚಿನವರು ಕಿರೀಟದ ಇತಿಹಾಸವನ್ನು ಮೊದಲು ಹೆಣೆದು, ಕಿರೀಟವನ್ನು ಕೊನೆಗೆ ಎರಡು ಸಾಲಿನಲ್ಲಿ ವರ್ಣಿಸಿ ಮುಗಿಸುತ್ತಾರೆ. ಮೊದಲು ವಸ್ತುವನ್ನು ಅಳತೆ ಸಮೇತ ಕಟ್ಟಿಕೊಳ್ಳಿ. ಅದು ಎಲ್ಲಿ ಸವೆಯುತ್ತದೆ, ಎಲ್ಲಿ ಮುರಿಯುತ್ತದೆ ಎಂದು ಗೊತ್ತಾದರೆ ಅರ್ಧ ಇತಿಹಾಸ ಅಲ್ಲೇ ಸಿಗುತ್ತದೆ. ಇಲ್ಲಿ ಮಾದರಿಗೆ ಇಟ್ಟುಕೊಂಡಿರುವುದು ಅಘನಾಶಿನಿಯಂಥ ಹೊಳೆ ಕಡಲು ಸೇರುವ ಅಳಿವೆಯಲ್ಲಿನ ಒಂದು ಕಲ್ಪಿತ ರಾಜ್ಯ. ಘಟ್ಟದಲ್ಲಿ ಕಾಳುಮೆಣಸು, ಕೆಳಗೆ ಬಂದರು.

ಚಿನ್ನ, ಹರಳು ಬಂದ ದಾರಿ

ಇಂಥ ರಾಜ್ಯದಲ್ಲಿ ಚಿನ್ನದ ಗಣಿ ಇರುವುದಿಲ್ಲ. ಮೆಣಸಿಗೆ ಬದಲಾಗಿ ಹಡಗಿನಲ್ಲಿ ಬಂದ ನಾಣ್ಯಗಳನ್ನು ಕರಗಿಸಿಯೇ ಕಿರೀಟ ಆಗಬೇಕು. ಮುತ್ತೂ ಕಡಲ ದಾರಿಯಲ್ಲೇ ಬರಲಿ, ವಜ್ರ ಮಾತ್ರ ಘಟ್ಟ ಇಳಿದು ಬರಲಿ. ಕಥೆಯ ಕಾಲ 16ನೇ ಶತಮಾನದಂತಿದ್ದರೆ ಹರಳುಗಳಿಗೆ ಇಂದಿನ ಹೊಳಪಿನ ಕಟಿಂಗ್ ಕೊಡಬೇಡಿ. ನುಣುಪಾಗಿ ಉಜ್ಜಿದ ಗುಂಡು ಕೆಂಪು (ಮಾಣಿಕ್ಯ), ಚಪ್ಪಟೆ ಮುಖದ ವಜ್ರ ಸಾಕು.

ಅಳತೆ, ತೂಕ

ದೊಡ್ಡವರ ತಲೆಯ ಸುತ್ತಳತೆ ಸುಮಾರು 56 ಸೆಂ.ಮೀ. ಎಂದು ಹಿಡಿಯಿರಿ. 7 ಸೆಂ.ಮೀ. ಅಗಲ, 4 ಸೆಂ.ಮೀ. ಎತ್ತರ, 0.8 ಮಿ.ಮೀ. ದಪ್ಪದ 8 ಫಲಕ ಮಾಡಿ, ಬಿಜಾಗರಿಯಂತೆ ಕೀಲು ಹಾಕಿ ಸುತ್ತಿಸಿ. ಪ್ರತಿ ಫಲಕದ ಮೇಲೆ 5 ಸೆಂ.ಮೀ. ಬುಡ, 6 ಸೆಂ.ಮೀ. ಎತ್ತರ, 0.6 ಮಿ.ಮೀ. ದಪ್ಪದ ಒಂದು ಮೊನಚು ಎಸಳು. 22 ಕ್ಯಾರೆಟ್ ಚಿನ್ನದಲ್ಲಿ ಒಂದು ಫಲಕ ಎಸಳು ಸೇರಿ 55 ಗ್ರಾಂ ದಾಟುತ್ತದೆ. ಎಂಟೂ ಸೇರಿದರೆ 445 ಗ್ರಾಂ, ಅಂದರೆ ಹತ್ತಿರ ಹತ್ತಿರ 38 ತೊಲ. ಹರಳು, ಕೀಲು, ಒಳಬಟ್ಟೆ ಸೇರಿ ಅರ್ಧ ಕಿಲೋ ಮೀರಬಹುದು. ಇಂಗ್ಲೆಂಡಿನಲ್ಲಿ ಪಟ್ಟಾಭಿಷೇಕಕ್ಕೆಂದು 1661ರಲ್ಲಿ ಮಾಡಿದ ಕಿರೀಟ 2 ಕಿಲೋಗೂ ಹೆಚ್ಚು ತೂಗುತ್ತದೆ. ಅಂಥದ್ದು ಒಂದು ಗಳಿಗೆಯ ವಿಧಿಗೆ ಸರಿ. ಅದನ್ನು ಹೊತ್ತು ಕುದುರೆ ಏರಿ ಯುದ್ಧ ಮಾಡಿಸಿದರೆ ಓದುಗರ ಕುತ್ತಿಗೆಯೂ ನೋಯುತ್ತದೆ. ಅನುಮಾನವಿದ್ದರೆ ಬಟ್ಟೆಯ ಪಟ್ಟಿಯೊಳಗೆ ಅರ್ಧ ಕಿಲೋ ಅಕ್ಕಿ ತುಂಬಿ ಹೊಲಿದು, ತಲೆಗೆ ಸುತ್ತಿಕೊಂಡು ಒಂದು ತಾಸು ಕೂತು ನೋಡಿ.

ಪೂರ್ತಿ ಬಳೆಯ ಬದಲು ಕೀಲಿನ ಫಲಕ ಯಾಕೆ? ಓಡಿಹೋಗುವಾಗ ಬಿಚ್ಚಬಹುದು. 18ನೇ ಶತಮಾನದಲ್ಲಿ ಹೈದರಾಲಿ ಶಿರಸಿ ಹತ್ತಿರದ ಸೋಂದೆಯನ್ನು ಗೆದ್ದಾಗ ಅಲ್ಲಿನ ಅರಸು ಮನೆತನ ಗೋವೆಗೆ ಹೋಗಿ ನೆಲೆಸಿತು. ನಿಮ್ಮ ರಾಜ್ಯಕ್ಕೂ ಅಂಥ ರಾತ್ರಿ ಬಂದರೆ ಎಂಟು ಫಲಕಗಳು ಎಂಟು ಮಂದಿಯ ಸೊಂಟದಲ್ಲಿ ಹೋಗಲಿ, ಏಳು ಮಾತ್ರ ತಿರುಗಿ ಬರಲಿ.

ಎಂಟನೆಯ ಫಲಕ

ಕಿರೀಟದ ಚರಿತ್ರೆಗೆ ಇದೇ ಮೂಲ ಬಂಡವಾಳ, ಇಲ್ಲಿ ಸಮಯ ಕೊಡಿ. ಕಳೆದುಹೋದ ಫಲಕದ ಜಾಗಕ್ಕೆ ಅದೇ ಅಳತೆಯಲ್ಲಿ ಬೆಳ್ಳಿಯದನ್ನು ಮಾಡಿ ಮೇಲೆ ಚಿನ್ನದ ಲೇಪ ಕೊಟ್ಟರು ಎನ್ನಿ. ಬೆಳ್ಳಿಯದು ಸುಮಾರು 33 ಗ್ರಾಂ, ಹಳೆಯದಕ್ಕಿಂತ 22–23 ಗ್ರಾಂ ಕಡಿಮೆ. ತಲೆಯ ಮೇಲೆ ಇದು ಗೊತ್ತಾಗದು, ಅಕ್ಕಸಾಲಿಯ ತಕ್ಕಡಿಯಲ್ಲಿ ತಕ್ಷಣ ಗೊತ್ತಾಗುತ್ತದೆ. ಕೆಲವು ದಶಕ ಕೈ ಸೋಕಿ ಸೋಕಿ ಲೇಪ ಸವೆದ ಮೇಲೆ ಅಂಚು ಕಪ್ಪಾಗತೊಡಗುತ್ತದೆ. ಆಗ ಒರೆಗಲ್ಲೂ ಬೇಡ, ಕಣ್ಣಿಗೇ ಕಾಣುತ್ತದೆ. ಒಂದು ತಪ್ಪು ಪದೇ ಪದೇ ಕಾಣಿಸುತ್ತದೆ: ಶುದ್ಧ ಚಿನ್ನದ ಕಿರೀಟ ಶತಮಾನ ಕಳೆದು ತುಕ್ಕು ಹಿಡಿಯಿತು ಎಂದು ಬರೆಯುವುದು. ಚಿನ್ನಕ್ಕೆ ತುಕ್ಕಿಲ್ಲ. ಉಪ್ಪುಗಾಳಿಗೆ ಹಸಿರಾಗುವುದು ತಾಮ್ರ. ಕೀಲಿನ ಸೂಜಿಗಳನ್ನು ತಾಮ್ರದ್ದು ಮಾಡಿದರೆ ಆ ಹಸಿರು ಸರಿಯಾದ ಜಾಗದಲ್ಲೇ ಬರುತ್ತದೆ.

ಹರಳಿನ ಹಿಂದೆ ಅರಗು ತುಂಬಿದ್ದರೆ ಅದೂ ಒಂದು ಘಟನೆ ಕೊಡುತ್ತದೆ. ಕುದಿಯುವ ಅಂಟುವಾಳದ ನೀರಿನಲ್ಲಿ ತೊಳೆದರೆ ಅರಗು ಮೆತ್ತಗಾಗಿ ಹರಳು ಸಡಿಲಾಗುತ್ತದೆ. ಉಗುರುಬೆಚ್ಚಗಿನ ನೀರು ಸಾಕೆಂದು ತಿಳಿಯದ ಹೊಸ ಭಂಡಾರಿಯಿಂದ ಒಂದು ಕೆಂಪು ಕಳೆಯಲಿ.

ಪೆಟ್ಟು ಬಿದ್ದಿದ್ದನ್ನೆಲ್ಲ ಸರಿಮಾಡಿಸಲೂ ಬೇಡಿ. ಹಂಗೇರಿಯ ಪವಿತ್ರ ಕಿರೀಟದ ಶಿಲುಬೆ ಇಂದಿಗೂ ವಾರೆಯಾಗಿಯೇ ಇದೆ, ಆ ವಾರೆಯೇ ಅದರ ಗುರುತು.

ಮಾಯೆಗೆ ಲೆಕ್ಕ

ಒಂದೇ ಒಂದು ನಿಯಮ ಇಡಿ. ಉದಾಹರಣೆಗೆ, ನಡುಹರಳು ಕಡಲಿನ ಭರತ (ಉಬ್ಬರ) ತುಂಬಿದಾಗ ಮಾತ್ರ ಬಿಸಿಯಾಗುತ್ತದೆ, ಆಗ ಮಾತ್ರ ಅದರ ಮುಂದೆ ಸುಳ್ಳಾಡಲಾಗದು. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ತಾಸು 25 ನಿಮಿಷ. ಹಾಗಾಗಿ ವಿಚಾರಣೆಯ ಹೊತ್ತು ದಿನಕ್ಕೆ 50 ನಿಮಿಷದಷ್ಟು ಮುಂದಕ್ಕೆ ಹೋಗುತ್ತದೆ, ಕೆಲವು ದಿನ ನಡುರಾತ್ರಿಯಲ್ಲೇ ಸಭೆ ಸೇರಬೇಕಾಗುತ್ತದೆ. ಪಟ್ಟ ಕಟ್ಟುವುದು ಹುಣ್ಣಿಮೆ ಅಥವಾ ಅಮಾವಾಸ್ಯೆಯ ದೊಡ್ಡ ಭರತಕ್ಕೇ ಎಂದರೆ, ಹುಣ್ಣಿಮೆಯ ಮರುದಿನ ಅರಸ ತೀರಿಕೊಂಡಾಗ ಸುಮಾರು ಎರಡು ವಾರ ಸಿಂಹಾಸನ ಖಾಲಿ. ಸಂಚು ನಡೆಯುವುದು ಆ ಎರಡು ವಾರದಲ್ಲಿ. ಘಟ್ಟದ ಮೇಲೆ ಭರತವೇ ಇಲ್ಲ, ಅಲ್ಲಿನ ಪಾಳೆಯಗಾರರು ಹರಳನ್ನು ನಂಬುವುದೂ ಇಲ್ಲ.

ಉತ್ತರಾಧಿಕಾರ

ಅಳಿಯಸಂತಾನ ಕೊಟ್ಟರೆ ಕಿರೀಟ ಮಾವನಿಂದ ಅಕ್ಕತಂಗಿಯರ ಮಗನಿಗೆ ಹೋಗುತ್ತದೆ. ಹುಡುಗನ ತಲೆ 53 ಸೆಂ.ಮೀ. ಇದ್ದರೆ ಒಳಗೆ ಸುತ್ತಲೂ ಅರ್ಧ ಸೆಂ.ಮೀ. ದಪ್ಪದ ರೇಷ್ಮೆ ಮೆತ್ತೆ ಸಾಕು. ಫಲಕ ಕತ್ತರಿಸಬೇಕಿಲ್ಲ. ಮೆತ್ತೆಯೊಳಗೆ ಚೀಟಿ ಅಡಗಿಸಬಹುದು ಎಂಬುದನ್ನು ಮರೆಯಬೇಡಿ.

ಮೆರವಣಿಗೆಗೆ ಬೇರೆ ಕಿರೀಟ ಇರಲಿ. ಶಿರಸಿ ಕಡೆಯ ಗುಡಿಗಾರರು ಮದುವೆಗೆ ಬೆಂಡಿನ ಬಾಸಿಂಗ ಮಾಡುವಂತೆ, ಹಗುರಾದ ಬೆಂಡಿನದು. ಮಳೆಗಾಲದ ತೇವಕ್ಕೆ ಅದು ಬೂಸಲು ಹಿಡಿಯುವುದರಿಂದ ವರ್ಷವರ್ಷ ಹೊಸದಾಗಬೇಕು. ಜನ ಕಂಡಿರುವುದು ಇದನ್ನೇ, ನಿಜವಾದದ್ದನ್ನು ಕಂಡವರು ಬೆರಳೆಣಿಕೆಯಷ್ಟು.

ದಾಖಲೆ

ಇತಿಹಾಸವನ್ನು ಒಂದೇ ದನಿಯಲ್ಲಿ ಹೇಳಿಸಬೇಡಿ. ಮೂರು ಬರಹ ಮಾಡಿ: ತೂಕ, ಎಣಿಕೆ ಮಾತ್ರ ಬರೆದ ಭಂಡಾರದ ಪಟ್ಟಿ, ಕಡಲಿನಿಂದ ತಾನೇ ಎದ್ದು ಬಂತೆನ್ನುವ ಸ್ಥಳಪುರಾಣ, ಪರದೇಶಿ ವರ್ತಕನ ಕಾಗದ. ವರ್ತಕ ಆಳುವವರನ್ನು ತಾನು ಕೊಳ್ಳುವ ಸರಕಿನ ಹೆಸರಿನಿಂದಲೇ ಕರೆಯುತ್ತಾನೆ. 1552ರಿಂದ 1606ರವರೆಗೆ ಗೇರುಸೊಪ್ಪೆಯಲ್ಲಿ ಆಳಿದ ಚೆನ್ನಭೈರಾದೇವಿ ಪೋರ್ಚುಗೀಸರಿಗೆ ‘ಮೆಣಸಿನ ರಾಣಿ’ಯಾಗಿದ್ದಳು. ಮೂರರಲ್ಲೂ ಫಲಕಗಳ ಎಣಿಕೆ ತಾಳೆಯಾಗದಿರಲಿ. ಪಟ್ಟಿಯಲ್ಲಿ 38 ತೊಲ ಎಂದಿದ್ದು, ಮುಂದಿನ ತಲೆಮಾರಿನ ಪಟ್ಟಿಯಲ್ಲಿ 36 ಎಂದಿದ್ದರೆ, ನಡುವಿನ ಎರಡು ತೊಲ ಎಲ್ಲಿ ಹೋಯಿತೆಂದು ಕೇಳುವ ಒಬ್ಬ ಪಾತ್ರವನ್ನು ಮೊದಲ ಅಧ್ಯಾಯದಲ್ಲೇ ಭಂಡಾರಕ್ಕೆ ನೇಮಿಸಿ.