ರಬ್ಬರ್ ಕಪ್ಪೆಗೂ ಕೊರವ ಮೀನು ಬೀಳುತ್ತೆ: ನನ್ನ ಅನುಭವ

ತುಮಕೂರು ಕಡೆ ಕೆರೆಗಳಲ್ಲಿ ಕೊರವ ಮೀನು ಹಿಡಿಯೋದು ಅಂದ್ರೆ ಜೀವಂತ ಕಪ್ಪೆ, ಇಲ್ಲಾ ಸಣ್ಣ ಮೀನು. ಬಿದಿರು ಕೋಲು, ದಪ್ಪ ನೈಲಾನ್ ದಾರ, ದೊಡ್ಡ ಗಾಳ. ಎರಡು ವರ್ಷದ ಹಿಂದೆ ನಾನು ರಬ್ಬರ್ ಕಪ್ಪೆ (ಒಳಗೆ ಟೊಳ್ಳಾದ, ಬೆನ್ನಿಗೆ ಎರಡು ಗಾಳ ಒತ್ತಿಕೊಂಡಿರುವ ಕೃತಕ ಕಪ್ಪೆ; ಮೀನು ಕಚ್ಚಿದರೆ ಮೈ ತಗ್ಗಿ ಗಾಳ ಹೊರಗೆ ಬರುತ್ತೆ) ಕಟ್ಟಿಕೊಂಡು ಏರಿ ಮೇಲೆ ನಿಂತಾಗ, ಪಕ್ಕದಲ್ಲಿ ಗಾಳ ಹಾಕಿ ಕೂತಿದ್ದ ಯಜಮಾನರು ಅದನ್ನು ಕೈಗೆ ತಗೊಂಡು ಒತ್ತಿ ನೋಡಿದರು. "ಇದಕ್ಕೆ ನಮ್ಮ ಕೆರೆ ಮೀನು ಬಾಯಿ ಹಾಕಲ್ಲ ಕಣಪ್ಪ, ಮಕ್ಕಳಿಗೆ ಆಡೋಕೆ ಕೊಡು" ಅಂದರು.

ಮೊದಲ ವರ್ಷ ಅವರ ಮಾತೇ ನಿಜ ಆಯಿತು. ಸುಮಾರು 20 ಭಾನುವಾರ ಹೋಗಿರಬೇಕು, ಸಿಕ್ಕಿದ್ದು 3 ಮೀನು. ರಾಡ್‌ಗೆ 2,200, ರೀಲಿಗೆ 1,800ರ ಹತ್ತಿರ, ಕಪ್ಪೆ ಒಂದೊಂದಕ್ಕೆ 250ರಿಂದ 400. ತಾವರೆ ದಂಟಿಗೆ ಸಿಕ್ಕಿ ಕಿತ್ತು ಹೋದ ಕಪ್ಪೆಗಳ ದುಡ್ಡೇ 3,000 ದಾಟಿತ್ತು. ಪೆಟ್ರೋಲ್ ಬೇರೆ. ಮನೆಯಲ್ಲಿ ಲೆಕ್ಕ ಕೇಳಿದಾಗ ನಿಜ ಹೇಳಿಬಿಟ್ಟೆ, ಅದಾದ ಮೇಲೆ ಎರಡು ತಿಂಗಳು ಹೊಸ ಕಪ್ಪೆ ತರಲಿಲ್ಲ.

ಆ ಎರಡು ತಿಂಗಳು ಸುಮ್ನೆ ದಡದಲ್ಲಿ ಕೂತು ನೀರು ನೋಡಿದ್ದೇ ನನಗೆ ದೊಡ್ಡ ಪಾಠ. ಕೊರವ ಉಸಿರಾಡೋಕೆ ಮೇಲೆ ಬರಲೇಬೇಕು. ಎಲೆಗಳ ನಡುವೆ ಬೋಗುಣಿಯಷ್ಟು ಜಾಗ ಖಾಲಿ ಇದ್ದರೆ ಅಲ್ಲಿ "ಪೊಳಕ್" ಅಂತ ಒಂದು ಸದ್ದು, ಸಣ್ಣ ಗುಳ್ಳೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಲ್ಲೇ ಆಸುಪಾಸಿನಲ್ಲಿ. ಮೊದಲೆಲ್ಲ ನಾನು ಸದ್ದು ಕೇಳಿದ ಜಾಗಕ್ಕೇ ಗುರಿ ಇಟ್ಟು ಎಸೆಯುತ್ತಿದ್ದೆ. ತಲೆ ಮೇಲೇ ಬಿದ್ದರೆ ಮೀನು ಓಡಿಹೋಗುತ್ತೆ ಅಷ್ಟೇ. ಈಗ ಆರೇಳು ಅಡಿ ಆಚೆಗೆ ಎಸೆದು, ಎಲೆಯಿಂದ ಎಲೆಗೆ ಎಳೆದು, ಆ ಖಾಲಿ ಜಾಗದ ಅಂಚಿನಲ್ಲಿ ನಿಲ್ಲಿಸುತ್ತೇನೆ. ಹತ್ತು ಸೆಕೆಂಡ್ ಏನೂ ಮಾಡಲ್ಲ. ಆಮೇಲೆ ರಾಡ್ ತುದಿ ಒಂಚೂರು ನಡುಗಿಸಿದರೆ ಕಪ್ಪೆ ಎಲೆಯಿಂದ ನೀರಿಗೆ ಜಾರುತ್ತೆ. ಮೀನು ಕಪ್ಪೆ ಮೇಲೆ ಎರಗಿದ ಹೊಡೆತಗಳಲ್ಲಿ ಮುಕ್ಕಾಲು ಪಾಲು ಆ ಜಾರುವ ಕ್ಷಣದಲ್ಲೇ.

ಇನ್ನು ಹೊಡೆತ ಬಿದ್ದಾಗ. ದಪ್ಪ ಕಲ್ಲು ನೀರಿಗೆ ಬಿದ್ದ ಹಾಗೆ "ಗುಳುಂ" ಅನ್ನುತ್ತೆ, ಎದೆ ಝಲ್ ಅನ್ನುತ್ತೆ, ಕೈ ತಾನಾಗೇ ಎಳೆದುಬಿಡುತ್ತೆ. ಮೊದಲ ವರ್ಷ ತಪ್ಪಿಸಿಕೊಂಡ ಮೀನೆಲ್ಲ ಹೀಗೇ ಹೋಗಿದ್ದು. ಸದ್ದಿಗೆ ಎಳೆಯಬಾರದು. ದಾರ ನೋಡಬೇಕು. ದಾರ ಪಕ್ಕಕ್ಕೆ ಸರಿದು, ಕೈಗೆ ಭಾರ ಗೊತ್ತಾದ ಮೇಲೆ ಗಟ್ಟಿಯಾಗಿ ಒಂದೇ ಎಳೆತ. ಹೇಳೋಕೆ ಸುಲಭ, ನನಗೆ ಕೈ ಹಿಡಿತಕ್ಕೆ ಬರೋಕೆ ಎಂಟು ತಿಂಗಳು ಬೇಕಾಯಿತು.

ದಾರವೂ ಬದಲಾಯಿಸಿದೆ. 0.40 ಮಿ.ಮೀ. ದಪ್ಪದ ನೈಲಾನ್ ರಬ್ಬರಿನ ಹಾಗೆ ಹಿಗ್ಗುತ್ತೆ, ಅಷ್ಟು ದೂರದಲ್ಲಿ ಗಾಳ ದವಡೆಗೆ ಇಳಿಯೋದೇ ಇಲ್ಲ. 40 ಪೌಂಡ್ ಭಾರ ತಡೆಯುವ ಬ್ರೇಡ್ (ಎಳೆ ಹೆಣೆದ, ಹಿಗ್ಗದ ದಾರ) ಹಾಕಿದ ಮೇಲೆ ಎಲ್ಲ ಬದಲಾಯಿತು. ಮೀನು ಸಿಕ್ಕ ಮೇಲೆ ಆಟ ಆಡಿಸುವ ಮಾತೇ ಇಲ್ಲ. ತಲೆ ಕೆಳಗೆ ಹಾಕಿ ದಂಟಿಗೆ ಸುತ್ತಿಕೊಂಡರೆ ಕಥೆ ಮುಗೀತು. ರಾಡ್ ಮೇಲೆತ್ತಿ ಎಲೆಗಳ ಮೇಲೇ ಜಾರಿಸಿಕೊಂಡು ದಡಕ್ಕೆ ತರಬೇಕು. ಬಾಯಿಗೆ ಬೆರಳು ಹಾಕಬೇಡಿ, ಹಲ್ಲು ಚೂಪು.

ಅಂಗಡಿ ಕಪ್ಪೆಯನ್ನು ಹಾಗೇ ಬಳಸಲ್ಲ. ಎರಡೂ ಗಾಳದ ಮೊನೆಯನ್ನು ಇಕ್ಕಳದಲ್ಲಿ ಒಂದು ಕೂದಲೆಳೆಯಷ್ಟು ಹೊರಕ್ಕೆ ಬಾಗಿಸುತ್ತೇನೆ. ಕಸ ಸ್ವಲ್ಪ ಜಾಸ್ತಿ ಹಿಡಿಯುತ್ತೆ, ಆದರೆ ಮೀನು ತಪ್ಪೋದು ಕಡಿಮೆ. ಕಪ್ಪೆ ಕಾಲಿನ ರಬ್ಬರ್ ಎಳೆಗಳನ್ನು ಅರ್ಧಕ್ಕೆ ಕತ್ತರಿಸಿ, ಒಂದು ಕಡೆ ಇನ್ನೊಂಚೂರು ಗಿಡ್ಡ ಮಾಡುತ್ತೇನೆ. ನೀರು ಕುಡಿದು ಮುಳುಗುವ ಕಪ್ಪೆಗೆ ಒಂದು ಉಪಾಯ ಇದೆ. ಹೊಟ್ಟೆಗೆ ಏನು ತುಂಬುತ್ತೇನೆ ಅನ್ನೋದು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಕೆರೆ ಹೆಸರೂ ಅಷ್ಟೇ!

ದುಡ್ಡು ಉಳಿಸೋಕೆ ಹವಾಯಿ ಚಪ್ಪಲಿ ಕತ್ತರಿಸಿಯೂ ಕಪ್ಪೆ ಮಾಡಿದ್ದೇನೆ. ಹಳೇ ಅಟ್ಟೆ, ಒಂದು ದೊಡ್ಡ ಗಾಳ, ಸೈಕಲ್ ಟ್ಯೂಬಿನ ಕಾಲು, ಎಲ್ಲ ಸೇರಿ 30 ರೂಪಾಯಿ. ತೇಲೋದರಲ್ಲಿ ಇದನ್ನು ಮೀರಿಸಿದ್ದಿಲ್ಲ, ನೀರೂ ಕುಡಿಯಲ್ಲ. ಆದರೆ ಅಟ್ಟೆ ಗಟ್ಟಿ, ಮೀನು ಕಚ್ಚಿದರೂ ಒಳಕ್ಕೆ ತಗ್ಗಲ್ಲ, ಗಾಳ ಹೊರಗೆ ಬರಲ್ಲ. ಹೊಟ್ಟೆ ಭಾಗ ಬ್ಲೇಡಿನಲ್ಲಿ ಆಳವಾಗಿ ಸೀಳಿದ ಮೇಲೆ ಆರು ಮೀನು ಬಿದ್ದವು. ಕಪ್ಪೆ ಹೋದರೂ ಹೊಟ್ಟೆ ಉರಿಯದ ಕಡೆ, ಜೊಂಡು ದಟ್ಟವಾಗಿರುವ ಕಡೆ, ಈಗಲೂ ಇದನ್ನೇ ಎಸೆಯುತ್ತೇನೆ. ಇನ್ನೊಂದು ಪ್ರಯೋಗ ಗೆಂಡೆ ಮೀನಿಗೆ. ಕಾವೇರಿಯ ಭೀಮೇಶ್ವರಿ ಕಡೆ ಹಿಂದೆ ದೊಡ್ಡ ನದಿ ಮೀನು ಮಹಶೀರ್‌ಗೆ ರಾಗಿ ಉಂಡೆಯನ್ನೇ ಗಾಳಕ್ಕೆ ಕಟ್ಟುತ್ತಿದ್ದರಲ್ಲ, ಅದೇ ಥರ ಮುದ್ದೆಯನ್ನು ಇನ್ನೊಮ್ಮೆ ಬೇಯಿಸಿ ಗಟ್ಟಿ ಮಾಡಿ ತೂಬಿನ ಹತ್ತಿರ ಹಾಕಿದೆ. ಚೆನ್ನಾಗೇ ಬಿತ್ತು. ಅದನ್ನು ಬರೆದರೆ ಇನ್ನೊಂದು ಬರಹವೇ ಆಗುತ್ತೆ, ಬಿಡಿ.

ಕೆರೆ ಟೆಂಡರ್ ಹಿಡಿದವರನ್ನು ಮೊದಲೇ ಕೇಳಿ. ಅವರು ಕಟ್ಲಾ, ರೋಹು ಮರಿ ಬಿಟ್ಟಿರುತ್ತಾರೆ, ಕೊರವ ಆ ಮರಿಗಳನ್ನೇ ತಿನ್ನೋದು. "ಅಣ್ಣ, ಕೊರವ ಬಿಟ್ಟು ಬೇರೆ ಮುಟ್ಟಲ್ಲ" ಅಂದರೆ ಹೆಚ್ಚಿನವರು ಒಪ್ಪುತ್ತಾರೆ. ಹಿಡಿದಿದ್ದರಲ್ಲಿ ಅರ್ಧ ಅವರಿಗೆ ಕೊಡುತ್ತೇನೆ.

ಈ ವರ್ಷ ಫೆಬ್ರವರಿಯಿಂದ ಮೇವರೆಗೆ ಹೊಡೆತ 40ರ ಆಸುಪಾಸು, ದಡಕ್ಕೆ ಬಂದಿದ್ದು 26 ಇರಬೇಕು. ದೊಡ್ಡದು 2 ಕೆಜಿ 300 ಗ್ರಾಂ, ಕೋಡಿ ಪಕ್ಕದ ತಾವರೆಯಲ್ಲಿ, ಬೆಳಿಗ್ಗೆ ಆರೂವರೆಗೆ. ಮೊದಲು ದಂಟು ಅಲ್ಲಾಡಿತು, ಗಾಳಿ ಇರಲಿಲ್ಲ. ಆಮೇಲೆ ಕಪ್ಪೆ ಇದ್ದ ಎಲೆಯೇ ಕಾಣೆ. ಯಜಮಾನರು ಪಕ್ಕದಲ್ಲೇ ಇದ್ದರು. ಒದ್ದೆ ಗೋಣಿಚೀಲ ಅವರೇ ಬಿಚ್ಚಿ ಹಿಡಿದು, "ಈ ಕಪ್ಪೆ ಎಲ್ಲಿ ಸಿಗ್ತದಪ್ಪ?" ಅಂದರು. ನನ್ನ ಡಬ್ಬಿಯಿಂದ ಎರಡು ಕೊಟ್ಟೆ, ಆ ದಿನದ ಖುಷಿಗೆ ಅದೇನೂ ದೊಡ್ಡದಲ್ಲ.

ಮಳೆ ಹಿಡಿದು ಕೆರೆಗೆ ಹೊಸ ನೀರು ಬಂದ ಮೇಲೆ ಅಂಗೈ ಅಗಲದ, ಕೊರವದ ಕೆಂಪು ಮರಿಗುಂಪು ನೀರಿನ ಮೇಲೆ ಕುದಿಯೋ ಹಾಗೆ ಕಾಣುತ್ತೆ. ಕೆಳಗೆ ತಾಯಿತಂದೆ ಕಾವಲು. ಆಗ ಏನು ಎಸೆದರೂ ಸಿಟ್ಟಿಗೆ ಹೊಡೆಯುತ್ತವೆ, ಯಾರು ಬೇಕಾದರೂ ಹಿಡಿಯಬಹುದು. ದಯವಿಟ್ಟು ಹಿಡಿಯಬೇಡಿ. ಅವೆರಡು ಹೋದರೆ ಮರಿಗಳನ್ನು ಬೇರೆ ಮೀನು ತಿಂದು ಮುಗಿಸುತ್ತವೆ. ನಾನಂತೂ ಆ ದಿನಗಳಲ್ಲಿ ಎರೆಹುಳ ತಗೊಂಡು ಏರಿಯ ಇನ್ನೊಂದು ತುದಿಯಲ್ಲಿ ಜಿಲೇಬಿ ಮೀನಿಗೆ (ತಿಲಾಪಿಯಾ) ಗಾಳ ಹಾಕಿ ಕೂರುತ್ತೇನೆ.