ನೋಟ್ಸ್ ಆ್ಯಪ್ ಸಾಕೇ, ಪ್ರಾಜೆಕ್ಟ್ ಬೋರ್ಡ್ ಬೇಕೇ?

ಐದು ಜನರ ಪ್ರಿಂಟಿಂಗ್ ಪ್ರೆಸ್ ಒಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮಾಲೀಕರು, ಡಿಟಿಪಿ ಆಪರೇಟರ್, ಮೆಷಿನ್‌ಗೆ ಒಬ್ಬರು, ಕಟಿಂಗ್-ಬೈಂಡಿಂಗ್‌ಗೆ ಒಬ್ಬರು, ಕೌಂಟರ್ ಮತ್ತು ಡೆಲಿವರಿ ನೋಡಿಕೊಳ್ಳಲು ಒಬ್ಬರು. ಮದುವೆ ಸೀಸನ್‌ನಲ್ಲಿ ಹದಿನೈದಿಪ್ಪತ್ತು ಲಗ್ನಪತ್ರಿಕೆಗಳು ಒಟ್ಟಿಗೆ ಓಡುತ್ತಿರುತ್ತವೆ. ನಡುವೆ ಬಿಲ್ ಬುಕ್, ವಿಸಿಟಿಂಗ್ ಕಾರ್ಡ್, ಶಾಲೆಯ ರಸೀದಿ ಪುಸ್ತಕ. ಇವೆಲ್ಲದರ ಮಾತೂ ಒಂದೇ ವಾಟ್ಸ್ಆ್ಯಪ್ ಗ್ರೂಪಿನಲ್ಲಿ. ಗ್ರಾಹಕರು ‘ಓಕೆ’ ಅಂದದ್ದು ಎರಡನೇ ಪ್ರೂಫಿಗೋ ಮೂರನೆಯದಕ್ಕೋ ಎಂದು ಹುಡುಕುವಷ್ಟರಲ್ಲಿ ಮುದ್ರಣದ ಪ್ಲೇಟ್ (ಅಚ್ಚು) ತಯಾರಾಗಿಬಿಟ್ಟಿರುತ್ತದೆ.

ಇಂಥ ಕಡೆ ‘ಯಾವ ಆ್ಯಪ್ ಒಳ್ಳೆಯದು’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ನಿಮ್ಮಲ್ಲಿ ಕಳೆದುಹೋಗುತ್ತಿರುವುದು ಕೆಲಸವೋ ಮಾಹಿತಿಯೋ ಎಂಬುದನ್ನು ಮೊದಲು ನೋಡಬೇಕು.

ಮೊದಲು ಮೆಸೇಜ್‌ಗಳನ್ನು ಬೇರ್ಪಡಿಸಿ

ಕಳೆದ ಎರಡು ವಾರದ ಗ್ರೂಪ್ ಮೆಸೇಜ್‌ಗಳಲ್ಲಿ ಐವತ್ತನ್ನು ತೆಗೆದುಕೊಳ್ಳಿ. ಪ್ರತಿಯೊಂದಕ್ಕೂ ಮೂರು ಪ್ರಶ್ನೆ: ಯಾರು ಮಾಡಬೇಕು? ಯಾವತ್ತಿನೊಳಗೆ? ಮುಗಿಯಿತು ಅಂತ ಗೊತ್ತಾಗುವುದು ಹೇಗೆ? ಮೂರಕ್ಕೂ ಉತ್ತರವಿದ್ದರೆ ಅದು ಕೆಲಸ. ಅದರ ಜಾಗ ಟ್ರೆಲ್ಲೊ, ಝೋಹೊ ಪ್ರಾಜೆಕ್ಟ್ಸ್, ಆಸನದಂಥ ಪ್ರಾಜೆಕ್ಟ್ ಆ್ಯಪ್. ಉತ್ತರವಿಲ್ಲ, ಆದರೆ ಮೂರು ತಿಂಗಳ ನಂತರವೂ ಯಾರಾದರೂ ಹುಡುಕಿಕೊಂಡು ಬರುತ್ತಾರೆ ಎನಿಸಿದರೆ ಅದು ಮಾಹಿತಿ. ಗೂಗಲ್ ಕೀಪ್, ಒನ್‌ನೋಟ್, ಝೋಹೊ ನೋಟ್‌ಬುಕ್‌ಗೆ ಸೇರಿದ್ದು. ಎರಡೂ ಅಲ್ಲದ್ದು ಬರೀ ಮಾತು, ವಾಟ್ಸ್ಆ್ಯಪ್‌ನಲ್ಲೇ ಇರಲಿ.

ದುಡ್ಡಿನ ಲೆಕ್ಕ ಈ ಮೂರರಲ್ಲಿ ಯಾವುದಕ್ಕೂ ಸೇರದು. ಜಿಎಸ್‌ಟಿ ಕಾನೂನಿನಂತೆ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಯಾರೋ ಕೈತಪ್ಪಿ ಅಳಿಸಬಹುದಾದ ನೋಟ್ ಅದಕ್ಕೆ ಜಾಗವಲ್ಲ. ಟ್ಯಾಲಿಯೋ ಕಾಗದದ ಲೆಡ್ಜರೋ, ಈಗ ಇರುವಲ್ಲೇ ಇರಲಿ.

ಕೈ ಬದಲಾಗುವುದನ್ನು ಎಣಿಸಿ

ಪ್ರೆಸ್‌ನಲ್ಲಿ ಒಂದು ಆರ್ಡರ್ ಕೌಂಟರ್, ಡಿಟಿಪಿ, ಮೆಷಿನ್, ಬೈಂಡಿಂಗ್ ದಾಟಿ ಮತ್ತೆ ಕೌಂಟರ್‌ಗೆ ಬರುತ್ತದೆ, ಅಂದರೆ ನಾಲ್ಕು ಸಲ ಕೈ ಬದಲು. ಮೂರು ಅಥವಾ ಹೆಚ್ಚು ಸಲ ಕೈ ಬದಲಾಗಿ, ಒಂದೇ ಹೊತ್ತಿಗೆ ಎಂಟು-ಹತ್ತು ಆರ್ಡರ್ ನಡೆಯುತ್ತಿದ್ದರೆ ಬೋರ್ಡ್ (ಪ್ರತಿ ಆರ್ಡರ್‌ಗೆ ಒಂದು ಕಾರ್ಡ್ ಮಾಡಿ, ಕೆಲಸದ ಹಂತಕ್ಕೆ ತಕ್ಕಂತೆ ಒಂದು ಕಾಲಂನಿಂದ ಇನ್ನೊಂದಕ್ಕೆ ಸರಿಸುವ ಪುಟ) ಬೇಕೇ ಬೇಕು. ಮನೆಯಲ್ಲೇ ಕೇಕ್ ಮಾಡಿ ಮಾರುವವರಿಗೆ, ಒಬ್ಬರೇ ನಡೆಸುವ ಟೈಲರಿಂಗ್‌ಗೆ ಬೋರ್ಡ್ ಅನಗತ್ಯ ಭಾರ. ಕೀಪ್ ಮತ್ತು ಫೋನಿನ ಕ್ಯಾಲೆಂಡರ್ ಧಾರಾಳವಾಯಿತು.

ಕೀಪ್‌ನ ಚೆಕ್‌ಲಿಸ್ಟನ್ನೇ ಹಂಚಿಕೊಂಡು ಐದು ಜನ ಕೆಲಸ ಸಾಗಿಸಬಹುದಲ್ಲ ಎಂದು ಅನಿಸುವುದು ಸಹಜ. ಇಬ್ಬರಿದ್ದಾಗ ಸಾಗುತ್ತದೆ. ಆದರೆ ಅಲ್ಲಿ ಒಂದು ಸಾಲನ್ನು ಒಬ್ಬರ ಹೆಸರಿಗೆ ವಹಿಸಲು ಬರುವುದಿಲ್ಲ, ಟಿಕ್ ಹಾಕಿದ್ದು ಯಾರೆಂದು ಪಟ್ಟಿಯಲ್ಲಿ ಕಾಣುವುದೂ ಇಲ್ಲ. ಮೂರನೆಯವರು ಬಂದ ಕೂಡಲೇ ‘ನಾನಲ್ಲ, ಅವರು’ ಶುರುವಾಗುತ್ತದೆ.

ಬೋರ್ಡ್ ಕಟ್ಟುವುದು

ಟ್ರೆಲ್ಲೊದಲ್ಲಿ ಒಂದೇ ಒಂದು ಬೋರ್ಡ್ ತೆರೆಯಿರಿ. ಗ್ರಾಹಕರಿಗೊಂದು ಬೋರ್ಡ್ ಮಾಡುವುದು ಎಲ್ಲರೂ ಮೊದಲು ಮಾಡುವ ತಪ್ಪು. ಹಾಗೆ ಮಾಡಿದರೆ ಇವತ್ತು ಮೆಷಿನ್ ಮುಂದೆ ಏನೇನಿದೆ ಎಂಬುದು ಒಂದು ಕಡೆ ಕಾಣುವುದೇ ಇಲ್ಲ. ಎಡದಿಂದ ಬಲಕ್ಕೆ ಏಳು ಕಾಲಂ ಸಾಕು: ಹೊಸ ಆರ್ಡರ್, ಡಿಟಿಪಿ, ಗ್ರಾಹಕರ ಒಪ್ಪಿಗೆಗೆ ಕಾಯುತ್ತಿದೆ, ಪ್ಲೇಟ್-ಪ್ರಿಂಟಿಂಗ್, ಕಟಿಂಗ್-ಬೈಂಡಿಂಗ್, ಡೆಲಿವರಿಗೆ ರೆಡಿ, ಬಾಕಿ ವಸೂಲಿ.

ಮೂರನೆಯ ಕಾಲಂ ಅನ್ನು ಮಾತ್ರ ಬಿಡಬೇಡಿ. ಲಗ್ನಪತ್ರಿಕೆ ತಡವಾಗುವುದು ಬಹುಪಾಲು ಅಲ್ಲೇ: ‘ಸುಖಾಗಮನ ಬಯಸುವವರು’ ಪಟ್ಟಿಗೆ ಒಂದು ಹೆಸರು ಸೇರುತ್ತದೆ, ಇನ್ನೊಂದು ಹೋಗುತ್ತದೆ, ನಾಳೆ ಹೇಳುತ್ತೇವೆ ಎನ್ನುತ್ತಾರೆ. ಆ ತಡವನ್ನು ಡಿಟಿಪಿ ಕಾಲಂನಲ್ಲಿ ಬಿಟ್ಟರೆ ಆಪರೇಟರ್ ನಿಧಾನ ಎಂಬ ಸುಳ್ಳು ಚಿತ್ರ ಮೂಡುತ್ತದೆ. ಕಾಯುವ ಕಾಲಂನಲ್ಲಿ ಎರಡು ದಿನ ದಾಟಿದ ಕಾರ್ಡ್‌ಗೆಲ್ಲ ಕೌಂಟರಿನವರು ಬೆಳಿಗ್ಗೆಯೇ ಫೋನ್ ಮಾಡಬೇಕು.

ಕಾರ್ಡಿನ ಹೆಸರು ಹೀಗಿರಲಿ: ‘412 – ಪಾಟೀಲ – ಲಗ್ನಪತ್ರಿಕೆ – 500’. ಮೊದಲ ಸಂಖ್ಯೆ ನಿಮ್ಮ ಆರ್ಡರ್ ಬುಕ್ಕಿನದು. ಹೆಸರನ್ನಷ್ಟೇ ನಂಬಿಕೊಂಡರೆ ಒಬ್ಬರು ‘ಪಾಟೀಲ’, ಇನ್ನೊಬ್ಬರು ಇಂಗ್ಲಿಷಿನಲ್ಲಿ ಬರೆದು, ಹುಡುಕಿದಾಗ ಅರ್ಧವೇ ಸಿಗುತ್ತದೆ. ಕೊನೆಯ ದಿನಾಂಕವಾಗಿ ಮುಹೂರ್ತದ ದಿನ ಹಾಕಬೇಡಿ. ಪತ್ರಿಕೆ ಹಂಚಲು ಕನಿಷ್ಠ ಒಂದು ತಿಂಗಳು ಬೇಕು, ಹಾಗಾಗಿ ಡೆಲಿವರಿ ದಿನವನ್ನೇ ಹಾಕಿ. ಒಂದು ಕಾರ್ಡ್‌ಗೆ ಒಂದೇ ಹೆಸರು ವಹಿಸಿ, ಕೈ ಬದಲಾದಾಗ ಹೆಸರನ್ನೂ ಬದಲಿಸಿ.

ಟ್ರೆಲ್ಲೊದ ಉಚಿತ ಯೋಜನೆಯಲ್ಲಿ ಒಂದು ಫೈಲ್ 10 ಎಂಬಿ ಮೀರುವಂತಿಲ್ಲ. ಪ್ರಿಂಟ್‌ಗೆ ಕಳಿಸುವ ಕೋರೆಲ್‌ಡ್ರಾ ಫೈಲ್ ಎಷ್ಟೋ ಸಲ ಅದಕ್ಕಿಂತ ದೊಡ್ಡದು. ಕಾರ್ಡಿಗೆ ಪ್ರೂಫಿನ ಸಣ್ಣ ಜೆಪೆಗ್ ಮಾತ್ರ ಸೇರಿಸಿ, ಮೂಲ ಫೈಲಿನ ಹೆಸರು ಬರೆದಿಡಿ. ಗ್ರಾಹಕರು ಒಪ್ಪಿದ ವಾಟ್ಸ್ಆ್ಯಪ್ ಮೆಸೇಜಿನ ಸ್ಕ್ರೀನ್‌ಶಾಟ್ ಕೂಡ ಅದೇ ಕಾರ್ಡಿನಲ್ಲಿರಲಿ. ಮುಂದೆ ಜಗಳ ಬಂದರೆ ಕೆಲಸಕ್ಕೆ ಬರುವುದು ಅದೊಂದೇ. ಹಣ ಬಂದ ಮೇಲೆ ಕಾರ್ಡನ್ನು ಆರ್ಕೈವ್ ಮಾಡಿ, ಡಿಲೀಟ್ ಬೇಡ.

ನೋಟ್ಸ್‌ನಲ್ಲಿ ಇಡಬೇಕಾದ್ದು

ಪೇಪರ್ ಡೀಲರ್‌ಗಳ ದರ, 300 ಜಿಎಸ್‌ಎಂ ಆರ್ಟ್ ಕಾರ್ಡ್ ಯಾರಲ್ಲಿ ಯಾವ ಸೈಜಿನಲ್ಲಿ ಸಿಗುತ್ತದೆ, ಲ್ಯಾಮಿನೇಷನ್‌ಗೆ ಕೊಡುವ ಕಡೆಯ ವಿಳಾಸ, ಕಾಯಂ ಗ್ರಾಹಕರ ಇನಿಷಿಯಲ್, ಪತ್ರಿಕೆಯ ನೆತ್ತಿಯಲ್ಲಿ ಯಾವ ಮನೆದೇವರ ‘ಪ್ರಸನ್ನ’ ಬರಬೇಕು ಎಂಬುದು. ಒಂದು ನೋಟ್‌ಗೆ ಒಂದೇ ವಿಷಯ. ದರದ ನೋಟ್‌ನ ಹೆಸರಿನಲ್ಲೇ ತಿದ್ದಿದ ತಿಂಗಳು ಇರಲಿ. ಇಲ್ಲದಿದ್ದರೆ ಕೌಂಟರಿನಲ್ಲಿ ಕಳೆದ ವರ್ಷದ ದರ ಹೇಳಿಬಿಡುತ್ತಾರೆ. ಇದೇ ಮಾಹಿತಿಯನ್ನು ಕಾರ್ಡಿಗೂ ನಕಲು ಮಾಡಬೇಡಿ, ನೋಟ್‌ನ ಲಿಂಕ್ ಅಂಟಿಸಿ. ಎರಡು ಪ್ರತಿ ಇದ್ದರೆ ತಿದ್ದುವುದು ಒಂದನ್ನೇ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ತೊಡಕಿದೆ. ನುಡಿ, ಶ್ರೀಲಿಪಿಯ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಈ ಆ್ಯಪ್‌ಗಳಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ. ಕಾರಣ, ಆ ಫೈಲಿನೊಳಗೆ ಇರುವುದೇ ಲ್ಯಾಟಿನ್ ಸಂಕೇತಗಳು. ಕನ್ನಡದ ಆಕಾರ ಕೊಡುತ್ತಿದ್ದದ್ದು ಫಾಂಟ್. ಆಸ್ಕಿಯಿಂದ ಯೂನಿಕೋಡ್‌ಗೆ (ಕನ್ನಡ ಅಕ್ಷರಗಳಿಗೇ ಪ್ರತ್ಯೇಕ ಸಂಕೇತವಿರುವ ವ್ಯವಸ್ಥೆಗೆ) ಬದಲಿಸುವ ಪರಿವರ್ತಕದಲ್ಲಿ ಹಾಯಿಸಿ ಅಂಟಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಾರೆ ನೋಡಿ. ಫೋನಿನಲ್ಲಿ ಜಿಬೋರ್ಡ್‌ನಿಂದ ಟೈಪ್ ಮಾಡಿದ್ದು, ಮಾತಾಡಿ ಬರೆಸಿದ್ದು ಯೂನಿಕೋಡೇ ಆಗಿರುವುದರಿಂದ ಅದಕ್ಕೆ ಈ ಕಾಟವಿಲ್ಲ.

ಎರಡನ್ನೂ ಒಂದರಲ್ಲೇ ಮಾಡಿದರೆ?

ನೋಷನ್‌ನಲ್ಲಿ ಬೋರ್ಡೂ ಇದೆ, ನೋಟ್ಸೂ ಇದೆ. ಆದರೆ ಉಚಿತ ಯೋಜನೆಯಲ್ಲಿ ಇಬ್ಬರು ಅಥವಾ ಹೆಚ್ಚು ಸದಸ್ಯರು ಸೇರಿದರೆ 1,000 ಬ್ಲಾಕ್‌ಗಳ ಮಿತಿ ಬೀಳುತ್ತದೆ. ಪ್ರತಿ ಪ್ಯಾರಾ, ಪ್ರತಿ ಚೆಕ್‌ಬಾಕ್ಸ್, ಪ್ರತಿ ಚಿತ್ರ ಒಂದೊಂದು ಬ್ಲಾಕ್. ಒಂದು ಸೀಸನ್‌ಗೂ ಸಾಲದು. ಜೊತೆಗೆ, ಅದನ್ನು ಕಟ್ಟಿ ಚೆಂದ ಮಾಡುವುದರಲ್ಲೇ ಖುಷಿ ಪಡುವ ಒಬ್ಬರು ಆಫೀಸಿನಲ್ಲಿರಬೇಕು. ಕೈಗೆ ಮಸಿ ಮೆತ್ತಿಕೊಂಡ ಮೆಷಿನ್‌ಮನ್‌ಗೆ ಕಾರ್ಡನ್ನು ಪಕ್ಕದ ಕಾಲಂಗೆ ಎಳೆಯುವುದಕ್ಕಿಂತ ಹೆಚ್ಚಿನದನ್ನು ಹೇರಬಾರದು.

ಹಣ, ಖಾತೆ, ಹೊರಬರುವ ದಾರಿ

ಉಚಿತ ಎನ್ನುವುದು ಶಾಶ್ವತವಲ್ಲ. ಎವರ್‌ನೋಟ್ 2023ರ ಡಿಸೆಂಬರ್‌ನಲ್ಲಿ ಉಚಿತ ಬಳಕೆಯನ್ನು 50 ನೋಟ್, ಒಂದು ನೋಟ್‌ಬುಕ್‌ಗೆ ಇಳಿಸಿತು. ಟ್ರೆಲ್ಲೊ 2024ರಲ್ಲಿ ಉಚಿತ ವರ್ಕ್‌ಸ್ಪೇಸ್‌ಗೆ 10 ಜನರ ಮಿತಿ ತಂದಿತು. ಹಣ ಕೊಟ್ಟು ಬಳಸುವುದಾದರೆ ದರ ತಲೆಗಿಷ್ಟು ಎಂದಿರುತ್ತದೆ: ತಿಂಗಳಿಗೆ 5 ಡಾಲರ್ ಅಂದರೆ ಐದು ಜನಕ್ಕೆ ವರ್ಷಕ್ಕೆ 300 ಡಾಲರ್. ಮೇಲೆ ತೆರಿಗೆ, ಬ್ಯಾಂಕಿನ ಫಾರೆಕ್ಸ್ ಶುಲ್ಕ. ವಿದೇಶಿ ಕಂಪನಿಯಾದರೆ ರಿವರ್ಸ್ ಚಾರ್ಜ್ ಜಿಎಸ್‌ಟಿ (ಮಾರುವವರ ಬದಲು ಕೊಳ್ಳುವವರೇ ಕಟ್ಟುವ ತೆರಿಗೆ) ಬಗ್ಗೆ ಆಡಿಟರ್ ಅವರನ್ನು ಕೇಳಿ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ (ಕಂತು ತಾನಾಗಿ ಕಡಿತವಾಗಲು ಮೊದಲೇ ಕೊಡುವ ಒಪ್ಪಿಗೆ) ನಿಯಮ ಜಾರಿಯಲ್ಲಿರುವುದರಿಂದ, ನೋಂದಣಿಯಾಗದ ಕಾರ್ಡ್‌ನಿಂದ ತಿಂಗಳ ಕಂತು ತಾನಾಗಿ ಕಡಿತವಾಗುವುದಿಲ್ಲ. ವರ್ಷದ ಹಣ ಒಮ್ಮೆಗೇ ಕಟ್ಟುವುದು, ಇಲ್ಲವೇ ರೂಪಾಯಿಯಲ್ಲಿ ಬಿಲ್ ಮಾಡುವ ಆ್ಯಪ್ ಆರಿಸುವುದು ವಾಸಿ.

ಖಾತೆಯನ್ನು ಪ್ರೆಸ್ ಹೆಸರಿನ ಜಿಮೇಲ್‌ನಿಂದಲೇ ತೆರೆಯಿರಿ, ರಿಕವರಿ ನಂಬರ್ ಮಾಲೀಕರದ್ದಿರಲಿ. ಡಿಟಿಪಿಯವರ ಸ್ವಂತ ಇಮೇಲ್‌ನಲ್ಲಿ ತೆರೆದರೆ ಅವರು ಕೆಲಸ ಬಿಟ್ಟ ದಿನ ಬೋರ್ಡಿನ ಕೀಲಿಯೂ ಅವರ ಜೊತೆ ಹೋಗುತ್ತದೆ. ಒಂದೇ ಪಾಸ್‌ವರ್ಡನ್ನು ಐವರೂ ಬಳಸುವುದೂ ಬೇಡ, ಯಾರು ಏನು ಮಾಡಿದರೆಂಬ ದಾಖಲೆಯೇ ಉಳಿಯುವುದಿಲ್ಲ.

ಪರೀಕ್ಷೆಗೆ ಆಷಾಢ ಹೇಳಿಮಾಡಿಸಿದ ತಿಂಗಳು. ಮದುವೆಗಳಿಲ್ಲ, ಮೆಷಿನ್‌ಗೂ ಬಿಡುವು. ಎರಡು ವಾರ ಹೊಸ ಆರ್ಡರ್‌ಗಳನ್ನಷ್ಟೇ ಬೋರ್ಡಿಗೆ ಹಾಕಿ, ಹಳೆಯವನ್ನು ಹಳೆಯ ರೀತಿಯಲ್ಲೇ ಮುಗಿಸಿ. ಗ್ರೂಪಿನಲ್ಲಿ ‘412 ಏನಾಯ್ತು?’ ಎಂದು ಯಾರಾದರೂ ಕೇಳಿದರೆ ಉತ್ತರ ಬರೆಯದೆ ಕಾರ್ಡಿನ ಲಿಂಕ್ ಕಳಿಸಿ. ಮಾಲೀಕರೇ ಬೋರ್ಡ್ ತೆರೆಯದೆ ಕೂಗಿ ಕೇಳುತ್ತಿದ್ದರೆ ಎರಡನೇ ವಾರಕ್ಕೆ ಎಲ್ಲರೂ ಬಿಟ್ಟುಬಿಡುತ್ತಾರೆ. ಕೊನೆಯ ದಿನ ಎಲ್ಲವನ್ನೂ ಎಕ್ಸ್‌ಪೋರ್ಟ್ ಮಾಡಿ ನೋಡಿ. ಕೀಪ್‌ನದು ಗೂಗಲ್ ಟೇಕ್‌ಔಟ್‌ನಿಂದ ಸಿಗುತ್ತದೆ. ಟ್ರೆಲ್ಲೊದ ಉಚಿತ ಯೋಜನೆ ಕೊಡುವುದು ಜೆಸನ್ ಫೈಲ್, ಅದು ಎಕ್ಸೆಲ್‌ನಲ್ಲಿ ನೇರವಾಗಿ ಪಟ್ಟಿಯಾಗಿ ತೆರೆದುಕೊಳ್ಳುವುದಿಲ್ಲ. ಎಕ್ಸೆಲ್‌ನಲ್ಲಿ ಪಟ್ಟಿಯಾಗಿ ತೆರೆಯುವ ಸಿಎಸ್‌ವಿ ಫೈಲ್ ಬೇಕಿದ್ದರೆ ಪ್ರೀಮಿಯಂ ಯೋಜನೆಗೆ ಹೋಗಬೇಕು. ಅಷ್ಟು ಖರ್ಚು ಬೇಡವೆಂದಾದರೆ ಆರ್ಡರ್ ಬುಕ್ಕನ್ನು ಕಾಗದದಲ್ಲಿ ಬರೆಯುವುದನ್ನು ನಿಲ್ಲಿಸಬೇಡಿ.